ನನ್ನದೇನು ನೋವು?

 

"ಬಾಬಾಸಾಹೇಬರು ಎಷ್ಟು ಸಹಿಸಿದರು, ಅದರ ಮುಂದೆ ನನ್ನದೇನು ನೋವು?" ಈ ಮಾತನ್ನು ಬಾಗಲಕೋಟೆಯಲ್ಲೂ ಕೇಳಿದ್ದೇನೆ, ಹುನಗುಂದದಲ್ಲೂ ಕೇಳಿದ್ದೇನೆ. ವಿನಯದ ಮಾತಿನಂತೆ ಕಾಣುತ್ತದೆ. ಆದರೆ ಸಲ್ಲತ್ಥ ಸುತ್ತದಲ್ಲಿ ತಥಾಗತರು ಹೇಳಿದ ಎರಡನೇ ಬಾಣ ಇದೇ ಎಂದು ನನಗನಿಸುತ್ತದೆ. ಮೊದಲ ಬಾಣ ನೋವು. ಎರಡನೆಯದು, ನಾನು ನೋಯಬಾರದಿತ್ತು ಎಂದು ನಮ್ಮನ್ನು ನಾವೇ ಚುಚ್ಚಿಕೊಳ್ಳುವುದು.

ನೋವನ್ನು ಇನ್ನೊಬ್ಬರ ನೋವಿನ ಪಕ್ಕ ಇಟ್ಟು ಅಳೆಯಲಾಗದು. ಸತಿಪಟ್ಠಾನವು ಚಿತ್ತವನ್ನು ಇದ್ದದ್ದು ಇದ್ದ ಹಾಗೆ ನೋಡಲು ಹೇಳುತ್ತದೆ. ನಿದ್ದೆ ಬರುತ್ತಿದೆಯೇ? ರೊಟ್ಟಿ ಸೇರುತ್ತಿದೆಯೇ? ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಬೇಡವಾಗಿದೆಯೇ? ಇಳಕಲ್ಲಿನ ಮಗ್ಗದಲ್ಲಿ ಎಳೆ ಕಡಿಯುವುದು ದಿನದ ಮಾತು, ನೇಕಾರ ಗಂಟು ಹಾಕಿ ಮುಂದೆ ಹೋಗುತ್ತಾನೆ. ಕೂತಾಗಲೆಲ್ಲ ಕಡಿಯತೊಡಗಿದರೆ ಮಗ್ಗವನ್ನೇ ನೋಡಬೇಕಾಗುತ್ತದೆ. ವೈದ್ಯರ ಲೆಕ್ಕವೂ ಹೀಗೇ: ಬೇಸರ, ನಿರಾಸಕ್ತಿ 2 ವಾರ ಬಿಡದೆ ಹಿಡಿದು, ಕೆಲಸ ಬೊಗಸೆ ನಿಂತರೆ ತೋರಿಸಿಕೊಳ್ಳಬೇಕು. ಸಾಯುವ ಯೋಚನೆ ಬಂದರೆ 2 ವಾರದ ಮಾತೇ ಇಲ್ಲ, ಅದೇ ದಿನ.

ಬಾದಾಮಿ ಕಡೆಯ ತರುಣನೊಬ್ಬ ಕೂಟದಲ್ಲಿ ಕೇಳಿದ: "ಜಾತಿ ಹಿಡಿದು ಬೈದವರು ಆರಾಮ ಅದಾರ. ರೋಗ ಇರೋದು ಅವರಿಗೆ. ನಾನ್ಯಾಕ ಡಾಕ್ಟರ್ ಹತ್ರ ಹೋಗ್ಲಿ?" ಅವನ ಸಿಟ್ಟು ನ್ಯಾಯವಾದದ್ದು. ರೋಗ ಸಮಾಜದ್ದೇ. ಆದರೆ ನಿದ್ದೆ ಕೆಟ್ಟದ್ದು ಅವನದು. ಕಲ್ಲೇಟು ಬಿದ್ದವನು ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡರೆ ಕಲ್ಲೆಸೆದವನನ್ನು ಬಿಟ್ಟುಕೊಟ್ಟಂತಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರೂ ಕೊಡಬೇಕು, ಆಸ್ಪತ್ರೆಗೂ ಹೋಗಬೇಕು. ತಿಂಗಳುಗಟ್ಟಲೆ ನಿದ್ದೆಗೆಟ್ಟವನಿಗೆ ಕೋರ್ಟಿನ ತಾರೀಖಿಗೆ ಅಲೆಯುವ ತ್ರಾಣ ಎಲ್ಲಿಂದ ಬಂದೀತು? ಅವನ ಜೊತೆ ನಾನೂ ಹೋಗಿದ್ದೆ. ಬಹಳ ಹೊತ್ತು ಅವನು ಬಾಯಿ ಬಿಡಲಿಲ್ಲ, ಡಾಕ್ಟರೂ ಅವಸರ ಮಾಡಲಿಲ್ಲ. ಮರುವಾರ ಕೂತು ದೂರಿನ ಅರ್ಜಿ ಬರೆದೆವು.

ಧ್ಯಾನವೊಂದೇ ಸಾಕು ಎನ್ನುವವರೂ ನಮ್ಮಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ಕಾಯಿಲೆ ಬಿದ್ದಾಗ ತಥಾಗತರೇ ಜೀವಕನ ಔಷಧಿ ತೆಗೆದುಕೊಂಡರು. ಎಲ್ಲವನ್ನೂ ಸಹಿಸಿದರು ಎಂದು ನಾವು ಹೇಳುವ ಬಾಬಾಸಾಹೇಬರು ಸಕ್ಕರೆ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಲೇ ಸಂವಿಧಾನದ ಕೆಲಸ ಮಾಡಿದರು.

ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯೂ ಕರೆ ಮಾಡಬಹುದು. ಒಬ್ಬರೇ ಹೋಗಲು ಸಂಕೋಚವಾದರೆ ಕೂಟದಲ್ಲಿ ಯಾರಿಗಾದರೂ ಹೇಳಿ, ಜೊತೆಗೆ ಬರುತ್ತೇವೆ.

ಜೈ ಭೀಮ್.