ಮಂಚದ ಎತ್ತರ

ಅಮ್ಮನಿಗೆ ಲಕ್ವ ಹೊಡೆದ ಮೇಲೆ ನಾಲ್ಕು ತಿಂಗಳು ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೆ ಬರುತ್ತಿದ್ದರು. ನಮ್ಮದು ಮೊಣಕಾಲೆತ್ತರದ ಹಳೇ ಮರದ ಮಂಚ. ಅದರ ಮೇಲೆ ಬಗ್ಗಿ ಅಮ್ಮನ ಬಲಗಾಲನ್ನು ಮಡಚುವರು, ಚಾಚುವರು, ಮತ್ತೆ ಮಡಚುವರು. ನಲವತ್ತು ನಿಮಿಷ ನಮ್ಮೆಲ್ಲರ ಕಣ್ಣು ಆ ಕಾಲಿನ ಮೇಲೆಯೇ. ಒಂದು ದಿನ ಕಾಫಿ ಕೊಟ್ಟಾಗ ಅವರು ಹೆಬ್ಬೆರಳು ತಾಗಿಸದೆ, ಎರಡೂ ಅಂಗೈ ನಡುವೆ ಲೋಟ ಹಿಡಿದರು.

"ಕೈಗೇನಾಯ್ತು ಮೇಡಂ?"

"ಹೆಬ್ಬೆರಳ ಬುಡದಲ್ಲಿ ನೋವು ಸಾರ್. ನಮ್ಮ ಕೆಲಸದವರಲ್ಲಿ ಬಹಳ ಜನಕ್ಕಿದೆ." ಸೊಂಟವೂ ನೋಯುತ್ತದೆಂಬ ಮಾತು ನಾನು ಕೆದಕಿ ಕೇಳಿದ ಮೇಲೆ ಬಂತು.

ಆಮೇಲೆ ಓದಿ ತಿಳಿದೆ. ಹೆಬ್ಬೆರಳ ತುದಿಯಿಂದ ಒಂದು ಕೆ.ಜಿ. ಬಲದಲ್ಲಿ ಚಿವುಟಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕೆ.ಜಿ. ಭಾರ ಬೀಳುತ್ತದೆಯಂತೆ, 1977ರಲ್ಲೇ ಲೆಕ್ಕ ಹಾಕಿದ್ದಾರೆ. ಬೆನ್ನಿನ ಕಥೆ ಬೇರೆ. ನಡೆಯುವಾಗ ಕಾಲಿನ ಸ್ನಾಯು ಬಿಗಿಯುತ್ತದೆ, ಸಡಿಲುತ್ತದೆ, ಆ ಸಡಿಲಿನಲ್ಲಿ ರಕ್ತ ಹರಿಯುತ್ತದೆ. ಬಗ್ಗಿಯೇ ನಿಂತವರ ಬೆನ್ನಿಗೆ ಆ ಬಿಡುವಿಲ್ಲ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮಿಕೊಳ್ಳುತ್ತದೆ, ಬೇಗ ಸೋಲುತ್ತದೆ. ಅದರ ಮೇಲೆ ರೋಗಿಯ ಕಾಲಿನ ತೂಕ: ಅರವತ್ತು ಕೆ.ಜಿ.ಯ ಮೈಯಲ್ಲಿ ಒಂದು ಕಾಲೇ ಹತ್ತು ಕೆ.ಜಿ. ಹತ್ತಿರ. ಇಂಥ ಮನೆ ದಿನಕ್ಕೆ ಆರೇಳು.

ಬೇಕಾದಂತೆ ಏರಿಸಿ ಇಳಿಸುವ ಮಂಚಗಳಿವೆ. ಆದರೂ ಎಷ್ಟೋ ಕ್ಲಿನಿಕ್‌ಗಳಲ್ಲಿ ಇರುವುದು ಒಂದೇ ಎತ್ತರದ್ದು. ರೋಗಿಯ ಸ್ನಾಯುವಿಗೆ ಕರೆಂಟ್ ಕೊಡುವ ಯಂತ್ರಕ್ಕೆ ಹಣ ಹೊಂದಿಸುವವರು ಮೊದಲು ಏರಿಳಿಯುವ ಮಂಚ ಕೊಳ್ಳಬೇಕು. ಐದಡಿಯವರೂ ಆರಡಿಯವರೂ ಒಂದೇ ಹಲಗೆಯ ಮೇಲೆ ಬಗ್ಗಿ ದುಡಿಯಲಿ ಎನ್ನುವುದು ಅನ್ಯಾಯ.

ಮನೆಯ ಮಂಚ ಎತ್ತರಿಸಲು ನಾವು ಬಡಗಿಯನ್ನು ಕರೆಸಿದೆವು. ಮಂಚದ ಕಾಲು ಜಾರದಂತೆ ನಡುವೆ ಕುಳಿ ತೋಡಿದ ನಾಲ್ಕು ದಿಮ್ಮಿ ಮಾಡಿಕೊಟ್ಟ. ಎತ್ತರ ಫಿಸಿಯೋಥೆರಪಿಸ್ಟರ ಸೊಂಟಕ್ಕೆ ಸರಿಹೋಯಿತು. ಆದರೆ ಅಮ್ಮ ಎದ್ದು ಕೂತರೆ ಪಾದ ನೆಲಕ್ಕೆ ತಾಗದು. ಪಾದ ಊರದೆ ಏಳುವ ಅಭ್ಯಾಸ ಆಗದು. ಕೊನೆಗೆ ಮಲಗಿ ಮಾಡುವುದೆಲ್ಲ ಮಂಚದ ಮೇಲೆ, ಕೂತು ಏಳುವುದು ಹಜಾರದ ಕೈಯಿರುವ ಕುರ್ಚಿಯಲ್ಲಿ ಎಂದಾಯಿತು. ಆ ಕುರ್ಚಿಯ ಎದುರಿಗೆ ಅವರಿಗೂ ಒಂದು ಸ್ಟೂಲ್ ಹಾಕಿದೆವು. ಮೊದಲ ದಿನ ಅದರ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿ, "ಎಲ್ಲಿ, ಏಳಿ ಅಮ್ಮಾ" ಅಂದರು.