ಕೂಡಿಡುವುದು ಸ್ವಾವಲಂಬನೆಯೇ?

ಚಾಮರಾಜನಗರ ಸೀಮೆಗೆ ದಾಸೋಹ ಹೊಸ ಮಾತಲ್ಲ. ಕಾಯಕ ಅವರವರದು, ಫಲ ಎಲ್ಲರದು ಎಂದ ಶರಣರು ನಾಳೆಗೆಂದು ಕೂಡಿಡುವುದನ್ನು ಒಪ್ಪಲಿಲ್ಲ. ಹಾಗಾದರೆ ಬೇಕಾದದ್ದನ್ನೆಲ್ಲ ತನ್ನಲ್ಲೇ ಇಟ್ಟುಕೊಳ್ಳದೆ ಸ್ವಾವಲಂಬಿಯಾಗುವುದು ಹೇಗೆ? ತಂತ್ರಾಂಶ ಕಟ್ಟುವವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಝ್ ಲೈಬ್ರರಿಯನ್ನೇ ನೋಡಿ. ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ ಕಟ್ಟುವಾಗ ಈ ಲೈಬ್ರರಿಯ ಒಂದು ಪ್ರತಿಯನ್ನು ಒಳಗೇ ಸೇರಿಸಬಹುದು, ಇಲ್ಲವೇ ಲಿನಕ್ಸ್ ವ್ಯವಸ್ಥೆಯಲ್ಲಿ ಆಗಲೇ ಇರುವುದನ್ನು ಬಳಸುವಂತೆ ಹೇಳಬಹುದು. ಲಿನಕ್ಸ್ ವಿತರಣೆಯಾದ ಡೆಬಿಯನ್‌ನ ನೀತಿ ಎರಡನೆಯದರ ಪರ. ನಾನೂ ಆ ಪಕ್ಷವೇ. 2002ರಲ್ಲಿ ದತ್ತಾಂಶ ಕುಗ್ಗಿಸುವ ಲೈಬ್ರರಿಯಾದ ಝಡ್‌ಲಿಬ್‌ನಲ್ಲಿ ದೋಷ ಕಂಡಾಗ, ಹಂಚಿಕೊಂಡು ಬಳಸುತ್ತಿದ್ದವರಿಗೆ ಒಂದೇ ತಿದ್ದುಪಡಿ ಸಾಕಾಯಿತು. ಸ್ವಂತ ಪ್ರತಿ ಅಡಗಿಸಿಕೊಂಡಿದ್ದ ತಂತ್ರಾಂಶಗಳನ್ನು ಒಂದೊಂದಾಗಿ ಹುಡುಕಬೇಕಾಯಿತು.

2024ರಲ್ಲಿ ಎಕ್ಸ್‌ಝಡ್ ಲೈಬ್ರರಿಯೊಳಗೆ ಕಳ್ಳದಾರಿ ಇಟ್ಟದ್ದು ಪತ್ತೆಯಾಯಿತಲ್ಲ, ಎಲ್ಲರೂ ಒಂದನ್ನೇ ನೆಚ್ಚಿದರೆ ಎಲ್ಲರೂ ಕೆಡುವುದಿಲ್ಲವೇ ಎನ್ನಬಹುದು. ಕೆಡಬಹುದು. ಆದರೆ ಒಳಗಿಟ್ಟ ಪ್ರತಿಯೂ ಬರುವುದು ಅದೇ ಮೂಲದಿಂದ. ಅಲ್ಲಿ ವಿಷ ಬಿದ್ದರೆ ಮನೆಯ ಕೊಡ ಬೇರೆಯಾಗಿದ್ದು ಏನು ಪ್ರಯೋಜನ? ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆವೃತ್ತಿಗಳದು: ವ್ಯವಸ್ಥೆಯಲ್ಲಿರುವುದು ಹಳೆಯದಾಗಿದ್ದರೆ ಅಕ್ಷರವೇ ಒಡೆದೀತು. ಅದಕ್ಕೆ ಪರಿಹಾರವಾಗಿ, ಬೇಕಾದ ಕನಿಷ್ಠ ಆವೃತ್ತಿ ಇದೆಯೇ ಎಂದು ಕಟ್ಟುವಾಗಲೇ ಪರೀಕ್ಷಿಸಬೇಕು, ತಾನು ಮಾಡಿದ ತಿದ್ದುಪಡಿಯನ್ನು ಮೂಲಕ್ಕೆ ಕಳಿಸಬೇಕು. ಪಡೆಯುವುದಷ್ಟೇ ದಾಸೋಹವಲ್ಲವಲ್ಲ. ವಿಂಡೋಸ್‌ನಂಥ ಕಡೆ ಹಂಚಿಕೊಳ್ಳಲು ಲೈಬ್ರರಿಯೇ ಇರದಿದ್ದರೆ ಜೊತೆಗೆ ಒಯ್ಯಲಿ, ತಕರಾರಿಲ್ಲ. ಇರುವ ಕಡೆಯೂ ಒಯ್ಯುವುದು ಸ್ವಾವಲಂಬನೆಯಲ್ಲ, ಬರೀ ಸಂಗ್ರಹ.