ಗಂಟಲಿಲ್ಲದವರ ದನಿ

1959ರ ಬೇಸಿಗೆ. ಸ್ವೀಡನ್ನಿನ ಚಿತ್ರಕಲಾವಿದ ಫ್ರೆಡ್ರಿಕ್ ಯೂರ್ಗೆನ್ಸನ್ ಹಕ್ಕಿಗಳ ಕೂಗನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ಮತ್ತೆ ಹಾಕಿ ಕೇಳಿದರೆ ಹಕ್ಕಿಯ ಜೊತೆಗೆ ಮನುಷ್ಯರ ದನಿ! ಮುಂದೊಮ್ಮೆ, ತೀರಿಹೋದ ತಾಯಿಯೇ ಕರೆದಳು ಎಂದೂ ಹೇಳಿದರು.

ಈ ಸುದ್ದಿಯ ಬೆನ್ನು ಹತ್ತಿದ ಲಾಟ್ವಿಯಾದ ಕಾನ್‌ಸ್ಟಾಂಟಿನ್ ರಾಡಿವ್ ಇಂಥ ಸಾವಿರಾರು ದನಿಗಳನ್ನು ಕಲೆಹಾಕಿದರು. ರೇಡಿಯೋದ ಎರಡು ನಿಲಯಗಳ ನಡುವಿನ ಗೊರಗೊರ ಸದ್ದನ್ನು ಟೇಪಿಗೆ ಇಳಿಸುವುದು, ಒಂದೇ ತುಣುಕನ್ನು ಮತ್ತೆ ಮತ್ತೆ ತಿರುಗಿಸಿ ಕೇಳುವುದು, ಇದು ಅವರ ಒಂದು ವಿಧಾನ. ಅವರ ಪ್ರೇತಗಳು ಒಂದೇ ವಾಕ್ಯದಲ್ಲಿ ಲಾಟ್ವಿಯನ್, ಜರ್ಮನ್, ರಷ್ಯನ್ ಬೆರೆಸಿ ಮಾತಾಡುತ್ತಿದ್ದವು. ಅವೆಲ್ಲ ರಾಡಿವ್‌ಗೆ ಬರುತ್ತಿದ್ದ ಭಾಷೆಗಳೇ!

ಅಸ್ಪಷ್ಟ ಸದ್ದಿನಲ್ಲಿ ಮಾತು ಹುಡುಕುವುದು ಮಿದುಳಿನ ಹಳೆಯ ಚಾಳಿ. 'ಇಲ್ಲಿ ಹೀಗೆ ಹೇಳುತ್ತಾರೆ, ಕೇಳಿ' ಎಂದು ಮೊದಲೇ ಹೇಳಿಕೊಟ್ಟರಂತೂ ಅದೇ ಕೇಳಿಸುತ್ತದೆ. 1970ರ ದಶಕದಲ್ಲಿ ರಾಡಿವ್ ಟೇಪುಗಳನ್ನು ಪರಿಶೀಲಿಸಿದ ಡೇವಿಡ್ ಎಲ್ಲಿಸ್, ಬಹುಪಾಲು ದನಿಗಳಿಗೆ ಸಹಜ ಕಾರಣವೇ ಸಾಕೆಂದರು.

ತರ್ಕ ಬದಿಗಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ದೇಹದ ಹಂಗು ತೊರೆದ ಆತ್ಮಕ್ಕೆ ಕಾಂತೀಯ ಟೇಪಿನ ಹಂಗು ಏಕೆ? ಅಗಲಿದವರ ಒಂದು ಮಾತಿಗಾಗಿ ಕಿವಿಗೊಟ್ಟು ಕೂತವರನ್ನು ಮಾತ್ರ ಗೇಲಿ ಮಾಡಲಾಗದು.

1974ರಲ್ಲಿ ರಾಡಿವ್ ತೀರಿಕೊಂಡರು. ಅವರ ದನಿಯೂ ಟೇಪಿನಲ್ಲಿ ಸಿಕ್ಕಿದೆ ಎಂದು ಹೇಳುವವರು ಆಮೇಲೆ ಹುಟ್ಟಿಕೊಂಡರು.